ಹಳೆಯ ಇಂಗ್ಲಿಷ್ ಬೈಬಲಿನ ತಪ್ಪು ಒಪ್ಪುಗಳು

ಧರ್ಮಗ್ರಂಥದಲ್ಲಿ ತಪ್ಪುಂಟೆ ಎಂಬ ಪ್ರಶ್ನೆಯನ್ನು ಜನರು ಎರಡು ಬಗೆಯ ದನಿಯಲ್ಲಿ ಕೇಳುತ್ತಾರೆ. ಒಂದು ತಪ್ಪು ಸಿಕ್ಕರೆ ಸಾಕು, ಇಡೀ ಗ್ರಂಥವನ್ನು ಬದಿಗೆ ತಳ್ಳಿಬಿಡಬಹುದು ಎಂಬ ಉತ್ಸಾಹ ಒಬ್ಬನ ದನಿಯಲ್ಲಿರುತ್ತದೆ. ಒಂದು ತಪ್ಪು ಹೊರಬಿದ್ದರೂ ತಾನು ನಂಬಿ ನಡೆದುದೆಲ್ಲ ಕುಸಿದೀತೆಂಬ ಅಂಜಿಕೆ ಇನ್ನೊಬ್ಬನ ದನಿಯಲ್ಲಿರುತ್ತದೆ. ಈ ಇಬ್ಬರಿಗೂ ಒಂದೇ ಉತ್ತರವನ್ನು ಕೊಡಬಹುದೆಂದು ನನ್ನ ಎಣಿಕೆ. ಅದಕ್ಕಾಗಿ ಒಂದು ಗ್ರಂಥವನ್ನು ಆರಿಸಿಕೊಂಡಿದ್ದೇನೆ. ಅದು 1611ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಒಂದನೆಯ ಜೇಮ್ಸ್ ದೊರೆಯ ಹೆಸರು ಹೊತ್ತ ಬೈಬಲ್. ಮುನ್ನೂರು ವರ್ಷಗಳಿಗೂ ಮಿಕ್ಕು ಇಂಗ್ಲಿಷ್ ಬಲ್ಲ ಕ್ರೈಸ್ತರ ಮನೆಮನೆಗಳಲ್ಲಿ ಓದಿಸಿಕೊಂಡ ಗ್ರಂಥವದು. ಇಂಗ್ಲಿಷ್ ಗದ್ಯದ ಸೊಗಸಿಗೆ ಮಾದರಿಯೆಂದು ಹೆಸರಾದದ್ದು. ಅದರಲ್ಲಿ ತಪ್ಪುಗಳಿವೆಯೆ? ಇವೆ. ಆದರೆ ತಪ್ಪು ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿವೆ. ಅವುಗಳನ್ನು ಬಿಡಿಸಿ ನೋಡದೆ ತೀರ್ಪು ಹೇಳುವುದು ನ್ಯಾಯವಾಗದು.

ಮೊದಲು ಆ ಗ್ರಂಥ ಹುಟ್ಟಿದ ಬಗೆಯನ್ನು ಸ್ವಲ್ಪ ಕೇಳಿ. ಬೈಬಲಿನ ಹಳೆಯ ಒಡಂಬಡಿಕೆಯ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ಹೊಸ ಒಡಂಬಡಿಕೆ ಗ್ರೀಕಿನಲ್ಲಿದೆ. ಪಶ್ಚಿಮ ಯೂರೋಪಿನಲ್ಲಿ ಮಾತ್ರ ಸುಮಾರು ಸಾವಿರ ವರ್ಷ ಇವೆರಡನ್ನೂ ಲ್ಯಾಟಿನ್ ಭಾಷಾಂತರದಲ್ಲಿಯೇ ಓದುತ್ತಿದ್ದರು. 14ನೆಯ ಶತಮಾನದಲ್ಲಿ ವಿಕ್ಲಿಫನ ಬಳಗದವರು ಇಂಗ್ಲಿಷಿಗೆ ತಂದದ್ದೂ ಆ ಲ್ಯಾಟಿನ್ನಿನಿಂದಲೇ. ಗ್ರೀಕ್ ಮೂಲವನ್ನೇ ನೋಡಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದವನು ವಿಲಿಯಂ ಟಿಂಡೇಲ್. ಇಂಗ್ಲೆಂಡಿನಲ್ಲಿ ಅದಕ್ಕೆ ಅವಕಾಶವಿಲ್ಲದೆ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ 1526ರಲ್ಲಿ ಅದನ್ನು ಮುದ್ರಿಸಬೇಕಾಯಿತು. ಪ್ರತಿಗಳು ಗುಟ್ಟಾಗಿ ಇಂಗ್ಲೆಂಡಿಗೆ ಬಂದವು. ಲಂಡನ್ನಿನ ಬಿಷಪ್ಪನು ಸಿಕ್ಕಿದವನ್ನೆಲ್ಲ ಬಹಿರಂಗವಾಗಿ ಸುಡಿಸಿದನು. 1536ರಲ್ಲಿ ಬ್ರಸೆಲ್ಸಿನ ಹತ್ತಿರದ ವಿಲ್ವೋರ್ಡೆ ಎಂಬಲ್ಲಿ ಟಿಂಡೇಲನನ್ನು ಕತ್ತು ಬಿಗಿದು ಕೊಂದು, ದೇಹವನ್ನು ಸುಟ್ಟರು. ಮೂರು ವರ್ಷಗಳೊಳಗೆ, ಬಹುಮಟ್ಟಿಗೆ ಅವನ ಮಾತುಗಳನ್ನೇ ಒಳಗೊಂಡ ಇಂಗ್ಲಿಷ್ ಬೈಬಲೊಂದು ದೊರೆಯ ಅಪ್ಪಣೆಯಿಂದಲೇ ಇಂಗ್ಲೆಂಡಿನ ಚರ್ಚುಗಳಿಗೆ ಬಂದಿತು!

1604ರ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಸೇರಿದ ಸಭೆಯಲ್ಲಿ ಹೊಸದೊಂದು ಭಾಷಾಂತರವಾಗಬೇಕೆಂದು ನಿಶ್ಚಯವಾಯಿತು. ಸುಮಾರು 47 ಮಂದಿ ವಿದ್ವಾಂಸರು 6 ಮಂಡಳಿಗಳಾಗಿ ವೆಸ್ಟ್‌ಮಿನ್‌ಸ್ಟರ್, ಆಕ್ಸ್‌ಫರ್ಡ್, ಕೇಂಬ್ರಿಡ್ಜುಗಳಲ್ಲಿ ಕುಳಿತು ಕೆಲಸ ಮಾಡಿದರು. ಹಿಂದಿನ ಇಂಗ್ಲಿಷ್ ಭಾಷಾಂತರಗಳನ್ನು ಮುಂದಿಟ್ಟುಕೊಂಡು ಮೂಲದೊಡನೆ ಹೋಲಿಸಿ ತಿದ್ದಿದರು. ಹೊಸ ಒಡಂಬಡಿಕೆಯಲ್ಲಿ ಟಿಂಡೇಲನ ಮಾತುಗಳೇ ಬಹುಪಾಲು ಉಳಿದವು. ಹೀಗೆ ಸಿದ್ಧವಾದುದು 1611ರ ಗ್ರಂಥ.

ಇನ್ನು ತಪ್ಪುಗಳಿಗೆ ಬರೋಣ. ಮೊದಲನೆಯ ಬಗೆ ಅಚ್ಚುಮನೆಯದು. ಇದು ಎಲ್ಲಕ್ಕಿಂತ ಹಗುರವಾದದ್ದು; ಆದರೆ ಎಲ್ಲಕ್ಕಿಂತ ಹೆಚ್ಚು ನಗೆಗೆ ಕಾರಣವಾದದ್ದು. 1631ರ ಒಂದು ಮುದ್ರಣದಲ್ಲಿ, ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳ ಪೈಕಿ ವ್ಯಭಿಚಾರವನ್ನು ನಿಷೇಧಿಸುವ ಆಜ್ಞೆಯಲ್ಲಿ 'ನಾಟ್' ಎಂಬ ಒಂದೇ ಒಂದು ಪದ ಬಿಟ್ಟುಹೋಯಿತು. ನಿಷೇಧವು ವಿಧಿಯಾಯಿತು! ಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಾಸರಿಗೆ 300 ಪೌಂಡು ದಂಡ ಬಿತ್ತು. 1611ರ ಮೊದಲ ಮುದ್ರಣವನ್ನು ಹೊರತಂದಿದ್ದ ಅದೇ ಬಾರ್ಕರನು ಕೊನೆಗಾಲವನ್ನು ಸಾಲಗಾರರ ಸೆರೆಮನೆಯಲ್ಲಿ ಕಳೆದನು. 1717ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಚ್ಚಾದ ಇನ್ನೊಂದು ಮುದ್ರಣದಲ್ಲಿ, ಲೂಕನ ಸುವಾರ್ತೆಯ 20ನೆಯ ಅಧ್ಯಾಯದ ಶೀರ್ಷಿಕೆಯಲ್ಲಿ ದ್ರಾಕ್ಷೆಯ ತೋಟವೆಂಬ ಅರ್ಥದ 'ವಿನ್ಯರ್ಡ್' ಹೋಗಿ, ಹುಳಿರಸವೆಂಬ ಅರ್ಥದ 'ವಿನಿಗರ್' ಬಂದು ಕುಳಿತಿತು. ಇಂಥ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ, ಬೇಗ ತಿದ್ದಲ್ಪಡುತ್ತವೆ. ಅಚ್ಚಿನ ಕರಡು ತಿದ್ದಿ ಬಲ್ಲವರಾರೂ ಇದಕ್ಕಾಗಿ ಭಾಷಾಂತರಕಾರರನ್ನು ಹಳಿಯಲಾರರು.

ಎರಡನೆಯ ಬಗೆ, ಮೂಲದ ಪದದ ಅರ್ಥ ಸರಿಯಾಗಿ ತಿಳಿಯದೆ ಆದದ್ದು. ಹಳೆಯ ಒಡಂಬಡಿಕೆಯಲ್ಲಿ 'ರೆಏಮ್' ಎಂಬ ಬಲಿಷ್ಠ ಮೃಗದ ಹೆಸರು ಕೆಲವು ಕಡೆ ಬರುತ್ತದೆ. ಕ್ರಿಸ್ತಪೂರ್ವ ಕಾಲದಲ್ಲಿಯೇ ಹೀಬ್ರೂ ಗ್ರಂಥವನ್ನು ಗ್ರೀಕಿಗೆ ತಂದವರು ಅದನ್ನು 'ಒಂದು ಕೊಂಬಿನ ಮೃಗ' ಎಂದು ಬರೆದಿದ್ದರು. ಅದೇ ದಾರಿಯನ್ನು ಹಿಡಿದು ಇಂಗ್ಲಿಷಿನವರು 'ಯೂನಿಕಾರ್ನ್' ಎಂದರು. ಕಥೆಗಳಲ್ಲಿಯೂ ಚಿತ್ರಗಳಲ್ಲಿಯೂ ಅಲ್ಲದೆ ಎಲ್ಲಿಯೂ ಇಲ್ಲದ ಪ್ರಾಣಿ ಹೀಗೆ ಧರ್ಮಗ್ರಂಥವನ್ನು ಹೊಕ್ಕಿತು. ಧರ್ಮೋಪದೇಶಕಾಂಡದ 33ನೆಯ ಅಧ್ಯಾಯದಲ್ಲಿ ಒಂದು ತೊಡಕು ಎದುರಾಯಿತು. ಅಲ್ಲಿ ಮೃಗ ಒಂದೇ, ಅದರ ಕೊಂಬುಗಳು ಮಾತ್ರ ಬಹುವಚನದಲ್ಲಿವೆ. ಒಂಟಿಕೊಂಬಿನ ಮೃಗಕ್ಕೆ ಕೊಂಬುಗಳೆಂದರೆ ಹೇಗೆ? ಭಾಷಾಂತರಕಾರರು ಮೃಗವನ್ನೇ ಬಹುವಚನ ಮಾಡಿ ದಾಟಿಕೊಂಡರು. ಆದರೆ ಮೂಲದಲ್ಲಿ ಏಕವಚನವಿದೆಯೆಂದು ಪುಟದ ಅಂಚಿನಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟರು. ರೆಏಮ್ ಎಂದರೆ ದೊಡ್ಡ ಕೊಂಬುಗಳ ಕಾಡೆತ್ತು ಎಂದು ಮುಂದೆ ವಿದ್ವಾಂಸರು ನಿರ್ಧರಿಸಿದರು. 19ನೆಯ ಶತಮಾನದಲ್ಲಿ ಓದಲು ಸಾಧ್ಯವಾದ ಅಸ್ಸೀರಿಯದ ಶಾಸನಗಳಲ್ಲಿ ಅದರ ಜ್ಞಾತಿಪದ ದೊರೆತದ್ದು ಇದಕ್ಕೆ ನೆರವಾಯಿತು. ಸೋಜಿಗವೆಂದರೆ, ಆ ಕಾಡೆತ್ತಿನ ಜಾತಿ ಪೋಲೆಂಡಿನ ಒಂದು ಕಾಡಿನಲ್ಲಿ 1627ರವರೆಗೂ ಬದುಕಿತ್ತು. ಇಂಗ್ಲೆಂಡಿನ ಪಂಡಿತರು ಇಲ್ಲದ ಪ್ರಾಣಿಯ ಹೆಸರನ್ನು ಬರೆಯುತ್ತಿದ್ದಾಗ, ಇದ್ದ ಪ್ರಾಣಿ ಅದೇ ಯೂರೋಪಿನಲ್ಲಿ ಮೇಯುತ್ತಿತ್ತು!

ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿಯೂ ಇಂಥದೊಂದು ಉಂಟು. ಯೆಹೂದ್ಯರ ಪಸ್ಕಹಬ್ಬವನ್ನು ಹೇಳುವ ಗ್ರೀಕ್ ಪದವನ್ನು ಉಳಿದ ಕಡೆಗಳಲ್ಲಿ ಸರಿಯಾಗಿ ಭಾಷಾಂತರಿಸಿದವರು ಇಲ್ಲೊಂದು ಕಡೆ ಮಾತ್ರ 'ಈಸ್ಟರ್' ಎಂದುಬಿಟ್ಟಿದ್ದಾರೆ. ಅದು ಕ್ರೈಸ್ತರ ಹಬ್ಬ. ಆ ಕಥೆಯ ಕಾಲಕ್ಕೆ ಒಪ್ಪದ ಮಾತು. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದ ಮಾತೊಂದು ಇನ್ನೂ ಪ್ರಸಿದ್ಧವಾದದ್ದು. ನೊರಜನ್ನು ಸೋಸಿ ತೆಗೆದು ಒಂಟೆಯನ್ನು ಇಡಿಯಾಗಿ ನುಂಗುವವರೆಂದು ಯೇಸು ಫರಿಸಾಯರನ್ನು ಜರೆಯುವ ಸಂದರ್ಭ. ಟಿಂಡೇಲನು 'ಸ್ಟ್ರೈನ್ ಔಟ್', ಸೋಸಿ ತೆಗೆ, ಎಂದು ಸರಿಯಾಗಿಯೇ ಬರೆದಿದ್ದನು. 1611ರಲ್ಲಿ ಅದು 'ಸ್ಟ್ರೈನ್ ಅಟ್' ಎಂದಾಯಿತು. ಇದು ಅಚ್ಚಿನ ದೋಷವೆಂದು ಕೆಲವರು, ಆ ಕಾಲದ ಒಂದು ನುಡಿಗಟ್ಟೆಂದು ಕೆಲವರು, ಹೀಗೆ ವಿದ್ವಾಂಸರಲ್ಲಿ ಎರಡು ಮತಗಳುಂಟು. ಹೇಗಿದ್ದರೂ ದ್ರಾಕ್ಷಾರಸವನ್ನು ಬಟ್ಟೆಯಲ್ಲಿ ಸೋಸುವ ಆ ಮನೆವಾರ್ತೆಯ ಚಿತ್ರ ಮರೆಯಾಗಿ, ನೊರಜನ್ನು ಕಂಡು ಗಂಟಲು ಬಿಗಿಹಿಡಿದವನ ಚಿತ್ರ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ನಿಂತಿತು.

ಮೂರನೆಯ ಬಗೆಯನ್ನು ತಪ್ಪು ಎಂದು ಕರೆಯುವುದೇ ತಪ್ಪು. ಭಾಷಾಂತರಕಾರನು ಸರಿಯಾದ ಪದವನ್ನೇ ಹಾಕಿರುತ್ತಾನೆ. ಅವನು ಸತ್ತ ಮೇಲೆ ಪದ ಅರ್ಥವನ್ನು ಬದಲಾಯಿಸಿಕೊಳ್ಳುತ್ತದೆ. 1611ರಲ್ಲಿ 'ಪ್ರಿವೆಂಟ್' ಎಂದರೆ ಮುಂದಾಗಿ ಹೋಗು ಎಂದರ್ಥ. ಈಗ ತಡೆ ಎಂದರ್ಥ. ಕರ್ತನು ಮರಳಿ ಬರುವಾಗ ಬದುಕಿರುವವರು ಸತ್ತವರಿಗಿಂತ ಮುಂದಾಗುವುದಿಲ್ಲವೆಂದು ಪೌಲನು ಥೆಸಲೋನಿಕದವರಿಗೆ ಬರೆದ ಸಮಾಧಾನದ ಮಾತು ಇಂದಿನ ಓದುಗನಿಗೆ ಯಾರೋ ಯಾರನ್ನೋ ತಡೆಯುವುದಿಲ್ಲವೆಂಬಂತೆ ಕೇಳಿಸುತ್ತದೆ. 'ಲೆಟ್' ಎಂಬ ಪದಕ್ಕೆ ಬಿಡು ಎಂಬುದರ ಜೊತೆಗೆ ತಡೆ ಎಂಬ ಅರ್ಥವೂ ಆಗ ಇತ್ತು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅದು ತಡೆಯೆಂಬ ಅರ್ಥದಲ್ಲಿದೆ. 'ಸಫರ್' ಎಂದರೆ ನೋಯು ಎಂದಷ್ಟೇ ಅಲ್ಲದೆ ಅವಕಾಶ ಕೊಡು ಎಂದೂ ಆಗುತ್ತಿತ್ತು. ಇದು ನಮಗೇನೂ ಹೊಸತಲ್ಲ. 'ಸಾಹಸ' ಎಂಬ ಮಾತನ್ನೇ ತೆಗೆದುಕೊಳ್ಳಿ. ನಾವು ಮಕ್ಕಳನ್ನು ಸಾಹಸಿಗಳಾಗಿ ಎಂದು ಹರಸುತ್ತೇವೆ. ಆದರೆ ಸ್ಮೃತಿಗಳ ವ್ಯವಹಾರಪ್ರಕರಣದಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ, ದಂಡನೆಗೆ ಅರ್ಹವಾದದ್ದು. ಇದನ್ನರಿಯದೆ ಸ್ಮೃತಿಯನ್ನು ಓದಿದವನು ಅದು ಶೂರರನ್ನು ದಂಡಿಸಹೇಳುತ್ತದೆಂದು ತಿಳಿದಾನು. ಅಲ್ಲಿ ದೋಷವಾರದು? ಗ್ರಂಥದ್ದೂ ಅಲ್ಲ, ಓದುಗನದೂ ಅಲ್ಲ. ನಡುವೆ ಹರಿದ ಕಾಲದ್ದು.

ನಾಲ್ಕನೆಯ ಬಗೆ ಎಲ್ಲಕ್ಕಿಂತ ಗಂಭೀರವಾದದ್ದು. ಭಾಷಾಂತರ ಸರಿಯಾಗಿಯೇ ಇರುತ್ತದೆ. ಅದಕ್ಕೆ ಆಧಾರವಾದ ಮೂಲಪಾಠದಲ್ಲಿಯೇ ಏರುಪೇರಾಗಿರುತ್ತದೆ. ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಅಚ್ಚಿಗೆ ತಂದ ವಿದ್ವಾಂಸರು ಈ ಕಷ್ಟವನ್ನು ಚೆನ್ನಾಗಿ ಬಲ್ಲರು. ಒಂದು ಗರಿ ಮುರಿದಿರುತ್ತದೆ. ಲಿಪಿಕಾರನ ಕಣ್ಣು ಒಂದು ಸಾಲನ್ನು ಹಾರಿರುತ್ತದೆ. ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿಯನ್ನು ಮುಂದಿನವನು ಮೂಲವೆಂದು ತಿಳಿದು ಒಳಗೆ ಸೇರಿಸಿರುತ್ತಾನೆ. ಗ್ರೀಕ್ ಹೊಸ ಒಡಂಬಡಿಕೆಗೂ ಇದೇ ಗತಿ.

ಆ ಗ್ರೀಕ್ ಪಾಠವನ್ನು ಮೊದಲು ಅಚ್ಚಿನಲ್ಲಿ ಪ್ರಕಟಿಸಿದವನು ಹಾಲೆಂಡಿನ ಮಹಾ ವಿದ್ವಾಂಸ ಎರಾಸ್ಮಸ್. 1516ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅವನ ಕೈಗೆ ಸಿಕ್ಕಿದ್ದು ಕೆಲವೇ ಹಸ್ತಪ್ರತಿಗಳು, ಅವೂ ಬಹುಮಟ್ಟಿಗೆ ಈಚಿನವು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಗೆ ಅವನಿಗೆ ದೊರೆತದ್ದು ಒಂದೇ ಪ್ರತಿ. ಅದರ ಕೊನೆಯ ಹಾಳೆ ಇರಲಿಲ್ಲ. ಆರು ವಾಕ್ಯಗಳು ಹೋಗಿದ್ದವು. ಅಚ್ಚುಮನೆಯ ಅವಸರದಲ್ಲಿ ಎರಾಸ್ಮಸನು ಲ್ಯಾಟಿನ್ ಬೈಬಲನ್ನು ತೆಗೆದು, ಆ ವಾಕ್ಯಗಳನ್ನು ಲ್ಯಾಟಿನ್ನಿನಿಂದ ತಾನೇ ಗ್ರೀಕಿಗೆ ತಿರುಗಿಸಿ ಸೇರಿಸಿದನು.

ಈಗ ಆ ವಾಕ್ಯಗಳಲ್ಲಿ ಏನಿದೆಯೆಂಬುದನ್ನು ಗಮನಿಸಬೇಕು. ಈ ಗ್ರಂಥದ ಮಾತುಗಳಿಗೆ ಏನನ್ನೂ ಕೂಡಿಸಬಾರದು, ಇದರಿಂದ ಏನನ್ನೂ ಕಳೆಯಬಾರದು ಎಂಬ ಕಠಿಣ ಎಚ್ಚರಿಕೆ ಇರುವುದು ಅಲ್ಲಿಯೇ. ಕಳೆದವನಿಗೆ ಜೀವವೃಕ್ಷದಲ್ಲಿ ಪಾಲು ತಪ್ಪುವುದೆಂದು ಗ್ರೀಕ್ ಹಸ್ತಪ್ರತಿಗಳ ಪಾಠ. ಲ್ಯಾಟಿನ್ನಿನಲ್ಲಿ ಮರಕ್ಕೆ 'ಲಿಗ್ನೋ', ಪುಸ್ತಕಕ್ಕೆ 'ಲಿಬ್ರೋ'. ಯಾವನೋ ಲ್ಯಾಟಿನ್ ಲಿಪಿಕಾರನ ಕೈಯಲ್ಲಿ ಮರ ಪುಸ್ತಕವಾಗಿತ್ತು. ಅದನ್ನೇ ನೋಡಿ ಗ್ರೀಕಿಗೆ ತಂದ ಎರಾಸ್ಮಸನ ಪಾಠದಲ್ಲಿ ಜೀವವೃಕ್ಷದ ಬದಲು ಜೀವದ ಪುಸ್ತಕವೆಂದಾಯಿತು. ಅವನ ಪಾಠದ ಸಂತತಿಯ ಮುದ್ರಿತ ಪ್ರತಿಗಳನ್ನೇ ಆಧರಿಸಿದ 1611ರ ಇಂಗ್ಲಿಷಿಗೂ ಅದೇ ಬಂದಿತು. ಒಂದು ಮಾತನ್ನೂ ಬದಲಾಯಿಸಬಾರದೆಂಬ ವಾಕ್ಯದೊಳಗೇ ಒಂದು ಮಾತು ಬದಲಾಗಿ ಕುಳಿತಿತು. ಕೇಡು ಬಗೆದವರು ಇದರಲ್ಲಿ ಒಬ್ಬರೂ ಇಲ್ಲ. ಒಬ್ಬ ದಣಿದ ಲಿಪಿಕಾರ, ಕಳೆದುಹೋದ ಒಂದು ಹಾಳೆ, ಅವಸರದ ಒಬ್ಬ ವಿದ್ವಾಂಸ, ಅಷ್ಟೆ.

ಯೋಹಾನನ ಮೊದಲನೆಯ ಪತ್ರದ 5ನೆಯ ಅಧ್ಯಾಯದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಈ ಮೂವರೂ ಒಂದೇ ಎಂದು ಸಾರುವ ಮಾತಿನ ಕಥೆಯೂ ಹೀಗೆಯೇ. ಅದು ಲ್ಯಾಟಿನ್ನಿನಲ್ಲಿ ಬಳಕೆಯಲ್ಲಿತ್ತು; ಎರಾಸ್ಮಸನು ನೋಡಿದ ಗ್ರೀಕ್ ಪ್ರತಿಗಳಲ್ಲಿ ಇರಲಿಲ್ಲ. ಅವನು 1516ರ ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಸೇರಿಸಲಿಲ್ಲ. ದೊಡ್ಡ ಕೂಗೆದ್ದಿತು. ಆ ಮಾತಿರುವ ಒಂದು ಗ್ರೀಕ್ ಪ್ರತಿ ಆಮೇಲೆ ಮುಂದೆ ಬಂದಾಗ, 1522ರಲ್ಲಿ ಸೇರಿಸಿದನು. ಆ ಪ್ರತಿಯಾದರೋ ಅವನ ಕಾಲದಲ್ಲಿಯೇ ಬರೆದದ್ದೆಂದು ಇಂದಿನ ವಿದ್ವಾಂಸರ ನಿರ್ಣಯ. ಆ ವಾಕ್ಯ ಹೋದರೆ ತ್ರಿಯೇಕ ದೇವರೆಂಬ ಸಿದ್ಧಾಂತವೇ ಹೋಯಿತೆಂದು ಹೆದರಿದವರುಂಟು. ಆದರೆ 325ರ ನೈಸೀಯ ಸಭೆಯೂ 381ರ ಕಾನ್‌ಸ್ಟಾಂಟಿನೋಪಲಿನ ಸಭೆಯೂ ಆ ಸಿದ್ಧಾಂತವನ್ನು ರೂಪಿಸಿದ ಕಾಲದಲ್ಲಿ ಗ್ರೀಕ್ ಧರ್ಮಪಿತರು ಈ ವಾಕ್ಯವನ್ನು ಆಧಾರವಾಗಿ ಹಿಡಿದಿರಲಿಲ್ಲ.

ಇದೆಲ್ಲ ಪಂಡಿತರ ಚರ್ಚೆ, ಬದುಕಿಗೇನು ಬಂತು ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಾಕ್ಯಗಳಲ್ಲಿ, ನಂಬಿದವರು ಸರ್ಪಗಳನ್ನು ಕೈಯಲ್ಲಿ ಎತ್ತುವರು, ವಿಷ ಕುಡಿದರೂ ಅವರಿಗೆ ಕೇಡಾಗದು ಎಂಬ ಮಾತುಂಟು. ಅಮೆರಿಕದ ಅಪಲೇಷಿಯನ್ ಬೆಟ್ಟಸೀಮೆಯ ಕೆಲವು ಸಣ್ಣ ಸಭೆಗಳವರು 20ನೆಯ ಶತಮಾನದ ಮೊದಲ ಭಾಗದಿಂದ ಇದನ್ನು ಅಕ್ಷರಶಃ ಆಚರಿಸತೊಡಗಿದರು. ಆರಾಧನೆಯ ನಡುವೆ ಜೀವಂತ ವಿಷಸರ್ಪಗಳನ್ನು ಕೈಗೆತ್ತಿಕೊಳ್ಳುವರು. ಈ ಆಚಾರವನ್ನು ಹರಡಿದವರಲ್ಲಿ ಮುಖ್ಯನಾದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡನು. ಅವನಿಗಿಂತ ಮುಂಚೆಯೂ ಆಮೇಲೂ ಹೀಗೆ ಸತ್ತವರುಂಟು. ಅವರ ಕೈಯಲ್ಲಿದ್ದುದು ಈ 1611ರ ಬೈಬಲೇ. ಆದರೆ ನಮಗೆ ದೊರೆತಿರುವ ಅತ್ಯಂತ ಹಳೆಯ ಎರಡು ದೊಡ್ಡ ಗ್ರೀಕ್ ಪ್ರತಿಗಳಲ್ಲಿ ಆ ಹನ್ನೆರಡು ವಾಕ್ಯಗಳಿಲ್ಲ. ಹೆಂಗಸರು ಭಯದಿಂದ ಸಮಾಧಿಯನ್ನು ಬಿಟ್ಟು ಓಡಿಹೋದರೆಂಬಲ್ಲಿಗೆ ಅವುಗಳಲ್ಲಿ ಮಾರ್ಕನ ಸುವಾರ್ತೆ ಮುಗಿಯುತ್ತದೆ. ಆ ಜನರ ಭಕ್ತಿಯನ್ನು ನಾನು ಹಾಸ್ಯ ಮಾಡಲಾರೆ. ನಂಬಿದ ಮಾತಿಗೆ ಪ್ರಾಣವನ್ನೇ ಒಡ್ಡಿದವರು ಅವರು. ಹಾಗಿರುವುದರಿಂದಲೇ, ಆ ಮಾತು ಹಳೆಯ ಪ್ರತಿಗಳಲ್ಲಿಲ್ಲವೆಂದು ಅವರಿಗೆ ಗೊತ್ತಾಗಬೇಕಾದದ್ದು ನ್ಯಾಯ. ಮೂಲಪಾಠವನ್ನು ಶೋಧಿಸುವ ಕೆಲಸ ಒಣಪಾಂಡಿತ್ಯವಲ್ಲ.

ಆ ಎರಡು ಪ್ರತಿಗಳಾವುವು? ಒಂದು ರೋಮಿನ ವ್ಯಾಟಿಕನ್ ಗ್ರಂಥಭಂಡಾರದಲ್ಲಿದೆ. ಇನ್ನೊಂದನ್ನು ಜರ್ಮನಿಯ ಟಿಷೆಂಡಾರ್ಫ್ ಎಂಬ ವಿದ್ವಾಂಸನು ಸೀನಾಯಿ ಬೆಟ್ಟದ ಸಂತ ಕ್ಯಾಥರೀನಳ ಮಠದಲ್ಲಿ ಕಂಡನು. 1844ರಲ್ಲಿ ಕೆಲವು ಹಾಳೆಗಳು ಸಿಕ್ಕಿದ್ದವು. 1859ರಲ್ಲಿ ಗ್ರಂಥದ ದೊಡ್ಡ ಭಾಗ ಕಣ್ಣಿಗೆ ಬಿದ್ದಿತು. ಅದು ರಷ್ಯವನ್ನು ಸೇರಿ, 1933ರಲ್ಲಿ 1,00,000 ಪೌಂಡು ಬೆಲೆಗೆ ಲಂಡನ್ನಿಗೆ ಬಂದಿತು. ಎರಡೂ 4ನೆಯ ಶತಮಾನದವು. 1611ರ ಭಾಷಾಂತರಕಾರರಿಗೆ ಇವುಗಳ ನೆರವು ದೊರೆಯಲಿಲ್ಲ. 5ನೆಯ ಶತಮಾನದ್ದೆನ್ನುವ ಅಲೆಕ್ಸಾಂಡ್ರಿಯದ ಪ್ರತಿ ಇಂಗ್ಲೆಂಡಿನ ದೊರೆಗೆ ಕಾಣಿಕೆಯಾಗಿ ಬಂದದ್ದೂ 1627ರಲ್ಲಿ. ಗ್ರಂಥ ಅಚ್ಚಾಗಿ ಹದಿನಾರು ವರ್ಷ ಕಳೆದಿತ್ತು. ಬಾರದಿದ್ದ ಸಾಕ್ಷಿಯ ಮಾತನ್ನು ಕೇಳಲಿಲ್ಲವೆಂದು ನ್ಯಾಯಾಧೀಶನನ್ನು ದೂರಬಹುದೆ?

ಇಂಗ್ಲಿಷ್ ವಿದ್ವಾಂಸರು ಈ ಹೊಸ ಸಾಕ್ಷ್ಯವನ್ನು ಮುಚ್ಚಿಡಲಿಲ್ಲ. ತಿದ್ದಿದ ಹೊಸ ಒಡಂಬಡಿಕೆ 1881ರಲ್ಲಿಯೂ, ಹಳೆಯ ಒಡಂಬಡಿಕೆ 1885ರಲ್ಲಿಯೂ ಹೊರಬಂದವು. ಜೀವದ ಪುಸ್ತಕ ಮತ್ತೆ ಜೀವವೃಕ್ಷವಾಯಿತು. ಯೂನಿಕಾರ್ನ್ ಕಾಡೆತ್ತಾಯಿತು. ಮಾರ್ಕನ ಕೊನೆಯ ವಾಕ್ಯಗಳ ಮುಂದೆ ಖಾಲಿ ಜಾಗ ಬಿಟ್ಟು, ಅಂಚಿನಲ್ಲಿ ಸಂಗತಿಯನ್ನು ಬರೆದರು. 1952ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪರಿಷ್ಕರಣೆ ಪೂರ್ಣವಾಗಿ ಬಂದಾಗ, ಯೆಶಾಯನ 7ನೆಯ ಅಧ್ಯಾಯದಲ್ಲಿ 'ಕನ್ಯೆ' ಎಂದಿದ್ದ ಕಡೆ, ಹೀಬ್ರೂ ಪದಕ್ಕನುಗುಣವಾಗಿ 'ಯುವತಿ' ಎಂದು ಹಾಕಿದರು. ಒಬ್ಬ ಪಾದ್ರಿ ಕೋಪಗೊಂಡು ಆ ಪುಟವನ್ನು ಹರಿದು ಸುಟ್ಟನು. ಅದೇ ಪರಿಷ್ಕರಣೆಯ ಮತ್ತಾಯನ ಸುವಾರ್ತೆಯಲ್ಲಿ, ಗ್ರೀಕಿನಲ್ಲಿ ಕನ್ಯೆ ಎಂದಿರುವೆಡೆ, ಕನ್ಯೆ ಎಂದೇ ಉಳಿಸಿದ್ದರೆಂಬುದನ್ನು ಅವನು ತಾಳ್ಮೆಯಿಂದ ಯೋಚಿಸಬಹುದಿತ್ತು. ಟಿಂಡೇಲನ ಪುಸ್ತಕಗಳನ್ನು ಸುಟ್ಟ ಬೆಂಕಿ ನಾಲ್ಕು ಶತಮಾನಗಳ ಮೇಲೂ ಪೂರ್ತಿಯಾಗಿ ಆರಿರಲಿಲ್ಲ!

ನಮ್ಮ ಕನ್ನಡ ಬೈಬಲೂ ಇದೇ ದಾರಿಯಲ್ಲಿ ನಡೆದುಬಂದದ್ದು. 19ನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ಅದನ್ನು ಕನ್ನಡಕ್ಕೆ ತಂದರು. ಮುಂದಿನವರು ಅದನ್ನು ಮತ್ತೆ ಮತ್ತೆ ತಿದ್ದಿದರು. ಮೊದಲು ಮಾಡಿದವರಿಗೆ ಅದರಿಂದ ಅಗೌರವವಾಯಿತೆಂದು ಯಾರೂ ಬಗೆಯಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ತಪ್ಪು ಸಿಕ್ಕರೆ ಗ್ರಂಥವನ್ನು ತಳ್ಳಿಬಿಡಬಹುದೆನ್ನುವವನಿಗೆ ಇಷ್ಟು ಹೇಳಬಹುದು: ನಾನು ಮೇಲೆ ಎಣಿಸಿದ ತಪ್ಪುಗಳನ್ನೆಲ್ಲ ಕಂಡುಹಿಡಿದವರು ಬಹುಮಟ್ಟಿಗೆ ಆ ಗ್ರಂಥವನ್ನು ಪ್ರೀತಿಸಿದವರೇ, ಅದಕ್ಕಾಗಿ ಕಣ್ಣು ಸವೆಸಿದವರೇ. 1947ರಲ್ಲಿ ಮೃತಸಮುದ್ರದ ಹತ್ತಿರದ ಗವಿಯಲ್ಲಿ ಯೆಶಾಯನ ಗ್ರಂಥದ ಸುರುಳಿಯೊಂದು ಸಿಕ್ಕಿತು. ಆವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಹೋಲಿಸಿ ನೋಡಿದಾಗ, ಸಣ್ಣಪುಟ್ಟ ವ್ಯತ್ಯಾಸಗಳು ಹಲವಿದ್ದರೂ, ಪಾಠ ಬಹುಮಟ್ಟಿಗೆ ಒಂದೇ ಆಗಿತ್ತು. ಲಿಪಿಕಾರರ ತಪ್ಪುಗಳನ್ನು ಎಣಿಸುವವನು ಅವರ ಈ ನಿಷ್ಠೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಂಜಿಕೆಯಿಂದ ಕೇಳುವವನಿಗೆ ಹೇಳಬೇಕಾದದ್ದು ಇನ್ನೂ ಸುಲಭ. 1611ರವರು ತಮ್ಮ ಮುನ್ನುಡಿಯಲ್ಲಿಯೇ, ಕೆಲವು ಹಕ್ಕಿಗಳ, ಮೃಗಗಳ, ರತ್ನಗಳ ಹೆಸರುಗಳು ತಮಗೆ ಖಚಿತವಾಗಿ ತಿಳಿಯವೆಂದು ಒಪ್ಪಿಕೊಂಡಿದ್ದಾರೆ. ಸಂದೇಹವಿದ್ದಲ್ಲಿ ಬೇರೆ ಅರ್ಥವನ್ನು ಅಂಚಿನಲ್ಲಿ ಬರೆದಿದ್ದಾರೆ. ದೇವರ ಮಾತೆಂದು ನಂಬಿ ಭಾಷಾಂತರಿಸಿದವರೇ ತಮ್ಮ ಕೈಕೆಲಸವನ್ನು ತಪ್ಪಿಲ್ಲದ್ದೆಂದು ಹೇಳಿಕೊಳ್ಳಲಿಲ್ಲ. ಅವರು ಹೇಳಿಕೊಳ್ಳದ್ದನ್ನು ನಾವು ಅವರ ಮೇಲೆ ಹೊರಿಸುವುದೇಕೆ? ಮುಂದೆ ಅವಕಾಶವಾದರೆ ಆ ಹಳೆಯ ಬೈಬಲಿನ ಅಂಚುಟಿಪ್ಪಣಿಗಳಿರುವ ಒಂದು ಪ್ರತಿಯನ್ನು ತೆರೆದು ನೋಡಿ. ನಡುವಿನ ಗದ್ಯದ ಸೊಗಸಿಗೆ ಮನಸೋತರೆ ಸಂತೋಷವೇ. ಆದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನೂ ಓದಿ. ಮುಂದೆ ಬಂದು ತಿದ್ದುವವನಿಗಾಗಿ ಆ ಪಂಡಿತರು ಬಾಗಿಲನ್ನು ತೆರೆದಿಟ್ಟು ಹೋದದ್ದು ಅಲ್ಲಿಯೇ.